ಅಣ್ಣ ಎಳೆಯುತ್ತಿದ್ದ ಬೆಲ್ಟು

ಚಳಿ ಹಿಂದೆ ಸರಿದು ಬಿಸಿಲಿನ್ನೂ ಬಲಿಯದ ದಿನಗಳು. ಬೆಳಗ್ಗೆ, ನಲ್ಲಿಯಲ್ಲಿ ನೀರು ಬರುವ ಹೊತ್ತಿಗೆ, ಮೈದುನ ರಿಪೇರಿ ಸಾಮಾನಿನ ಚೀಲ ಹಿಡಿದು ಅತ್ತಿಗೆಯ ಮನೆಗೆ ಬಂದ. ಅಣ್ಣ ತೀರಿಕೊಂಡ ಮೇಲೆ ಹಿಂದಿನ ಕೋಣೆಯ ಲೇತ್ ಮಿಷನ್ನು ತಿರುಗಿರಲಿಲ್ಲ. ಮಂಚದ ಕಾಲು, ಕುರ್ಚಿಯ ಕಾಲು ಕಡೆಯುವ ಮಿಷನ್ನು ಅದು. ಸ್ವಿಚ್ಚು ಒತ್ತಿದರೆ ಮೋಟರು ಗುಂಯ್ ಅನ್ನುತ್ತಿತ್ತು, ಅಲುಗುತ್ತಿರಲಿಲ್ಲ. ಅಡುಗೆಮನೆಯ ಬಲ್ಬು ಮಂಕಾಗುತ್ತಿತ್ತು.

ಅಣ್ಣನಿದ್ದಾಗಲೂ ಅದು ತಾನಾಗಿ ಹೊರಟದ್ದಿಲ್ಲ. ಒಂದು ಕೈಯಲ್ಲಿ ಸ್ವಿಚ್ಚು ಒತ್ತಿ, ಇನ್ನೊಂದು ಕೈಯಲ್ಲಿ ಬೆಲ್ಟನ್ನು ಸರ್ರನೆ ಎಳೆದುಬಿಡುತ್ತಿದ್ದ, ಮಿಷನ್ನು ಹೊರಡುತ್ತಿತ್ತು. ಅದು ಅವನ ಕೈಗುಣ ಅಂತ ಮನೆಮಂದಿಯೆಲ್ಲ ನಂಬಿದ್ದರು. ತಮ್ಮ ವೈರಿಂಗ್ ಕೆಲಸದವನಾದರೂ ಹತ್ತಿರ ಬಿಡುತ್ತಿರಲಿಲ್ಲ. ಬಲ್ಬು ಸಿಕ್ಕಿಸೋನು ಬಲ್ಬು ಸಿಕ್ಕಿಸು, ನನ್ನ ಮೋಟರಿನ ತಂಟೆಗೆ ಬರಬೇಡ ಅಂತ ಛೇಡಿಸುತ್ತಿದ್ದ.

ಈಗ ಅತ್ತಿಗೆ ದಿನಾ ಆ ಬೆಲ್ಟು ಎಳೆದು ನೋಡುತ್ತಿದ್ದಳು. ಹೆಬ್ಬೆರಳಿನ ಉಗುರು ಕಪ್ಪಗಾಗಿತ್ತು. ತವರಿಗೆ ಬಂದುಬಿಡು ಅಂತ ಅವಳ ಅಣ್ಣ ಹೇಳಿಕಳಿಸಿದಾಗೆಲ್ಲ, ಮಿಷನ್ನು ಬಿಟ್ಟು ಹೇಗೆ ಬರಲಿ, ಅವರ ಕೈಗುಣ ಅದರಲ್ಲಿದೆ, ಬೇರೆ ಯಾರ ಕೈಗೂ ಬಗ್ಗೋದಿಲ್ಲ, ನಾನೇ ಕಾಯ್ಕೊಂಡಿರಬೇಕು ಅನ್ನುತ್ತಿದ್ದಳು. ತಾಯಿಲ್ಲದ ಮೈದುನನಿಗೆ ತುತ್ತಿಟ್ಟು ಬೆಳೆಸಿದವಳು. ಅವಳೂ ಹೋದರೆ ಈ ಊರಲ್ಲಿ ಅವನನ್ನು ಊಟ ಆಯ್ತಾ ಅಂತ ಕೇಳುವವರಿಲ್ಲ. ಮಿಷನ್ನು ಓಡಿದರೆ ಅತ್ತಿಗೆ ಇಲ್ಲೇ ನಿಂತಾಳು ಅಂತ ಅವನ ಲೆಕ್ಕ.

ಬೆಲ್ಟು ಕಳಚಿ ಮೋಟರನ್ನು ಕೈಯಿಂದ ತಿರುಗಿಸಿದ. ಸಲೀಸಾಗಿ ತಿರುಗಿತು, ಬೇರಿಂಗು ಚೆನ್ನಾಗಿತ್ತು. ಹೊರಡುವಾಗ ಮೊದಲ ನೂಕು ಕೊಡುವ ಕೆಪಾಸಿಟರು ಮಾತ್ರ ಉಬ್ಬಿಕೊಂಡಿತ್ತು. ಹೊಸದು ಹಾಕಿ ಬೆಲ್ಟು ಏರಿಸಿದ. ಈ ಸಲ ಮೋಟರು ಸ್ವಲ್ಪ ಹೊರಳಿ ನಿಂತುಬಿಟ್ಟಿತು. ಮೀಟರು ಹಿಡಿದು ನೋಡಿದ. ಸುಮ್ಮನಿದ್ದಾಗ ಕರೆಂಟು ಸರಿಯಾಗೇ ಇತ್ತು, ಸ್ವಿಚ್ಚು ಒತ್ತಿದ ಕೂಡಲೇ ವೋಲ್ಟೇಜು ಕುಸಿಯುತ್ತಿತ್ತು. ಮೇನ್ ಆಫ್ ಮಾಡಿ ವೈರಿನ ಜಾಡು ಹಿಡಿದು ಹೋದ. ಲೈಟಿಗೆ ಹಾಕುವ ತೆಳ್ಳನೆ ವೈರಿಗೇ ಅಣ್ಣ ಮೋಟರು ಕಟ್ಟಿದ್ದ. ಬೋರ್ಡಿನ ಹಿಂದೆ ಹೊಸೆದ ಜಾಯಿಂಟು, ಮೇಲಿನ ಟೇಪು ಕರಗಿ ಅಂಟಾಗಿತ್ತು.

ಮೀಟರ್ ಬೋರ್ಡಿನಿಂದ ದಪ್ಪ ವೈರು ಬೇರೆಯಾಗಿ ಎಳೆದು ಮುಗಿಸುವ ಹೊತ್ತಿಗೆ ಮಧ್ಯಾಹ್ನ ಇಳಿದಿತ್ತು. ಅತ್ತಿಗೆಯನ್ನು ಕರೆದು, ನೀವೇ ಒತ್ತಿ ಅಂದ. ಒತ್ತಿದಳು. ಮಿಷನ್ನು ತಾನಾಗಿ ಹೊರಟಿತು. ಬಲ್ಬು ಮಂಕಾಗಲಿಲ್ಲ.

ಅತ್ತಿಗೆಯ ಮುಖದಲ್ಲಿ ಏನೂ ಕಾಣಲಿಲ್ಲ. ನಿಲ್ಲಿಸಿದಳು, ಮತ್ತೆ ಒತ್ತಿದಳು, ಮತ್ತೆ ನಿಲ್ಲಿಸಿದಳು.

"ಯಾರು ಒತ್ತಿದ್ರೂ ಹೀಗೇ ಓಡತ್ತಾ?"

"ಚಿಕ್ಕ ಮಗು ಒತ್ತಿದ್ರೂ ಓಡತ್ತೆ ಅತ್ತಿಗೆ," ಅಂದ ಅವನು, ಕೆಲಸ ಗೆದ್ದ ಉಮೇದಿನಲ್ಲಿ.

"ಹಾಗಾದ್ರೆ ಅವರ ಕೈಗುಣ ಅಲ್ಲ."

"ವೈರು ತೆಳ್ಳಗಿತ್ತು. ಅಷ್ಟೇ."

ಅವಳು ತಲೆಯಾಡಿಸಿದಳು. ಬೆಲ್ಟಿನ ಮೇಲಿನ ಮರದ ಪುಡಿಯನ್ನು ಸೆರಗಿನಿಂದ ಒರೆಸಿದಳು. "ಹಾಗಿದ್ರೆ ನಾನೇ ಕಾಯ್ಕೊಂಡು ಕೂರ್ಬೇಕು ಅಂತಿಲ್ಲ. ನೀನೇ ನಡೆಸು, ಇಲ್ಲ ಯಾರಿಗಾದ್ರೂ ಒಪ್ಪಿಸು. ನಾನು ನಮ್ಮಣ್ಣನ ಮನೆಗೆ ಹೋಗ್ತೀನಿ."

ಇರಿ ಅನ್ನಬೇಕಿತ್ತು. ಗೋಡೆಯ ವೈರಿಗೆ ಇನ್ನೊಂದು ಕ್ಲಿಪ್ಪು ಬೇಕು ಅಂತೇನೋ ಗೊಣಗಿ ಸುತ್ತಿಗೆ ತೆಗೆದುಕೊಂಡ. ಬೇಕಿಲ್ಲದ ಕಡೆಯೂ ಹೊಡೆದ. ಅವಳು ಒಳಗೆ ಹೋಗಿ ಅವನಿಗೆ ತಟ್ಟೆ ಹಾಕಿದಳು. ಉಂಡ, ರುಚಿ ತಿಳಿಯಲಿಲ್ಲ.

ಶುಕ್ರವಾರ ಬೆಳಗ್ಗೆ ಅವಳ ಅಣ್ಣ ಬಂದ. ಪೆಟ್ಟಿಗೆಯನ್ನು ಬಸ್ಸಿನವರೆಗೆ ಮೈದುನನೇ ಹೊತ್ತ. ಆ ಶುಕ್ರವಾರ ಅತ್ತಿಗೆ ಹೋದಳು.