ಪಿಳ್ಳಮ್ಮನ ಗಡಿಗೆ, ಗುಂಡಣ್ಣನ ಪುಸ್ತಕ

ಸೂಳಗಿರಿಯ ಕೆಳಗಿನ ಬೀದಿಯಲ್ಲಿ ಪಿಳ್ಳಮ್ಮನಷ್ಟು ಚೊಕ್ಕವಾಗಿ ಹುಣಸೆಹಣ್ಣು ಬಿಡಿಸುವವರು ಇನ್ನೊಬ್ಬರಿರಲಿಲ್ಲ. ತಾನು ಕುಟ್ಟಿ ಬಿಡಿಸಿದ ಹಣ್ಣಿನಲ್ಲಿ ಒಂದೇ ಒಂದು ಬೀಜ ಹುಡುಕಿಕೊಟ್ಟರೆ ಕಿವಿಯ ಓಲೆ ಬಿಚ್ಚಿಕೊಡುತ್ತೇನೆ ಎಂದು ಸಂತೆಯಲ್ಲಿ ಪಂಥ ಕಟ್ಟುತ್ತಿದ್ದಳು. ಓಲೆ ಇನ್ನೂ ಅವಳ ಕಿವಿಯಲ್ಲೇ ಇತ್ತು.

ಏನು ಮಾಡುವುದು, ಕೈ ಅವಳದು, ಹಣ್ಣು ಬೇರೆಯವರದು. ಹನ್ನೆರಡು ವರ್ಷ ಕಂಡವರ ಅಂಗಳದಲ್ಲಿ ಕೂತು ಕೂಲಿಗೆ ಕುಟ್ಟಿದ್ದಾಯಿತು. ಊರ ಮುಂದಿನ ಹುಣಸೆತೋಪನ್ನು ಒಂದು ಸಲವಾದರೂ ತಾನೇ ಗುತ್ತಿಗೆ ಹಿಡಿಯಬೇಕು ಅನ್ನುವುದು ಅವಳ ಆಸೆ. ಎರಡನೇ ಮಹಾಯುದ್ಧ ಮುಗಿದ ಮರುವರ್ಷ, ಸಂಕ್ರಾಂತಿ ಕಳೆದು ಎರಡು ವಾರಕ್ಕೆ ತೋಪಿನ ಹರಾಜು ಗೊತ್ತಾಯಿತು. ಹರಾಜಿಗೆ ನಿಲ್ಲುವವರು ಮೊದಲು ಮೂವತ್ತು ರೂಪಾಯಿ ಠೇವಣಿ ಇಡಬೇಕು, ಮಿಕ್ಕಿದ್ದನ್ನು ಹಣ್ಣು ಮಾರಿದ ಮೇಲೆ ಕಟ್ಟಬಹುದು. ಪಿಳ್ಳಮ್ಮನ ಹತ್ತಿರ ನಲವತ್ತಮೂರು ರೂಪಾಯಿ ಇತ್ತು. ಗಂಡ ಮುತ್ತರಾಯಪ್ಪನಿಗೂ ತಿಳಿಯದ ಹಾಗೆ ಕೂಡಿಸಿದ ದುಡ್ಡು.

ಪಕ್ಕದ ಮನೆಯ ಕೊಂಡಮ್ಮನಿಗೆ ಮಾತ್ರ ಆ ವಿಷಯ ಗೊತ್ತಿತ್ತು. ಅವಳು ಜಗಲಿಗೆ ಬಂದಾಗಲೆಲ್ಲ ಅದೇ ರಾಗ.

"ಗುಂಡಣ್ಣೋರ ಉಳಿತಾಯದ ನಿಧೀಲಿ ದುಡ್ಡು ಕಟ್ಟು ಅಂತ ನಾಕು ವರ್ಷದಿಂದ ಬಡ್ಕೊಂತಿದೀನಿ. ಕೇಳ್ತೀಯಾ?"

"ಕೇಳಾಕಿಲ್ಲ. ನಮ್ಮಪ್ಪ ಚೀಟಿ ಕಟ್ಟಿ ಹದಿನೆಂಟು ರೂಪಾಯಿ ಕಳ್ಕೊಂಡ. ಚೀಟಿಯವ್ನು ಓಡೋಗ್ಬುಟ್ಟ. ನಮ್ಮಪ್ಪ ಸಾಯೋಗಂಟ ಅದ್ನೇ ಕನವರಿಸ್ದ."

"ಅದು ಆ ಕಳ್ಳನ ಚೀಟಿ ಕಣಮ್ಮಿ. ಇವ್ರು ಪುಸ್ತಕ ಕೊಡ್ತಾರೆ. ಪೆಟ್ಟಿಗೆಗೆ ಮೂರು ಬೀಗ, ಬೀಗದ ಕೈ ಮೂರು ಜನದ ತಾವ ಐತೆ. ಸಂತೆ ದಿನ ಎಲ್ರ ಮುಂದೆ ಲೆಕ್ಕ ಗಟ್ಟಿಯಾಗಿ ಓದ್ತಾರೆ."

"ಓದ್ಲಿ. ಸುಟ್ಟ ಬಾಯಿ ನಂದು, ನಾನು ಮಜ್ಜಿಗೇನೂ ಊದ್ಕೊಂಡೇ ಕುಡಿಯೋದು."

ಊದಿದ್ದು ಮಾತ್ರವಲ್ಲ. ಹೊಸೂರಿನ ಗುಂಡಣ್ಣ ವರ್ಷಕ್ಕೊಂದು ಸಲ ಅವಳ ಮನೆ ಬಾಗಿಲಿಗೇ ಬರುತ್ತಿದ್ದರು. ಬಿಳಿ ಪಂಚೆ, ಕಪ್ಪು ಕೋಟು, ಕಂಕುಳಲ್ಲಿ ಕೊಡೆ. "ತಾಯಿ, ಒಂದು ಮಾತು..." ಅನ್ನುವಷ್ಟರಲ್ಲಿ ಪಿಳ್ಳಮ್ಮ ಪೊರಕೆ ಎತ್ತಿಕೊಳ್ಳುತ್ತಿದ್ದಳು. ನಾಲ್ಕು ವರ್ಷ ಬಂದರು, ನಾಲ್ಕು ವರ್ಷವೂ ಅಟ್ಟಿದಳು. ಬೀದಿಯ ಹೆಂಗಸರಿಗೆ ಅದೊಂದು ತಮಾಷೆ.

ಹಾಗಾದರೆ ಅವಳ ದುಡ್ಡು ಎಲ್ಲಿತ್ತು? ಹುಣಸೆ ಗಡಿಗೆಯಲ್ಲಿ. ಅದು ಅವಳ ಅತ್ತೆ ಕಲಿಸಿದ ಬುದ್ಧಿ. ಉಪ್ಪು ಹಾಕಿ ಒತ್ತಿಟ್ಟ ಹಳೆಯ ಹುಣಸೆಹಣ್ಣಿನೊಳಗೆ ಬೆಳ್ಳಿ ರೂಪಾಯಿ ಹುದುಗಿಸಿದರೆ ಯಾವ ಕಳ್ಳನೂ ಕೈ ಹಾಕುವುದಿಲ್ಲ, ತೆಗೆದಾಗ ರೂಪಾಯಿ ಹೊಸದರಂತೆ ಹೊಳೆಯುತ್ತದೆ. ಅತ್ತೆಯ ಕಾಲಕ್ಕೆ ಅದು ಸರಿಯಾಗಿಯೇ ಇತ್ತು. ಯುದ್ಧದ ಕಾಲದಲ್ಲಿ ಬೆಳ್ಳಿ ಮಾಯವಾಗಿ ಒಂದು ರೂಪಾಯಿಯ ಕಾಗದದ ನೋಟು ಕೈಗೆ ಬಂತು; ಪಿಳ್ಳಮ್ಮ ಕೂಡಿಸಿದ್ದೆಲ್ಲ ಅದೇ. ಅದನ್ನೂ ಮುತ್ತುಗದ ಎಲೆಯಲ್ಲಿ ಸುತ್ತಿ ಅದೇ ಗಡಿಗೆಯಲ್ಲಿಟ್ಟಳು. ಪ್ರತಿ ಸಲವೂ ಮೇಲೊಂದು ಪದರ ಹಣ್ಣು ಒತ್ತಿದಳು, ಮೇಲೆ ಉಪ್ಪು ಉದುರಿಸಿದಳು. ಕೆಳಗಿನದನ್ನು ತೆಗೆದು ನೋಡಲಿಲ್ಲ.

ಹರಾಜಿನ ಹಿಂದಿನ ದಿನ ಸಂತೆ. ಅವತ್ತು ಬೆಳಿಗ್ಗೆ ಪಿಳ್ಳಮ್ಮ ತಲೆಗೆ ಎಣ್ಣೆ ಹಚ್ಚಿಕೊಂಡು, ದೇವರಿಗೆ ಕೈಮುಗಿದು, ಗಡಿಗೆ ಇಳಿಸಿದಳು. ಮೇಲಿನ ಎರಡು ಪೊಟ್ಟಣ ಬಂದವು. ಮೂರನೆಯದಕ್ಕೆ ಕೈ ಹಾಕಿದರೆ ಎಲೆಯೂ ನೋಟೂ ಕರಗಿ ಕರಿಯ ಗೊಜ್ಜಾಗಿ ಬೆರಳಿಗೆ ಮೆತ್ತಿಕೊಂಡಿತು. ಅದರ ಕೆಳಗಿನದೂ ಅಷ್ಟೆ.

"ಅಯ್ಯೋ ಕೊಂಡೀ! ನಾನು ಕೆಟ್ಟೆ ಕಣೇ!"

ಕೊಂಡಮ್ಮ ಓಡಿ ಬಂದಳು, ಗಡಿಗೆ ನೋಡಿದಳು. ನಾಲಗೆ ತುದಿಗೆ ಬಂದ ನಾಲ್ಕು ವರ್ಷದ ಬೈಗುಳವನ್ನು ನುಂಗಿಕೊಂಡಳು. ಸೀದಾ ಸಂತೆಗೆ ಹೋಗಿ ಬೇವಿನ ಮರದಡಿ ಕೂತಿದ್ದ ಗುಂಡಣ್ಣನವರನ್ನು ಕರೆದುಕೊಂಡು ಬಂದಳು. ಈ ಸಲ ಪಿಳ್ಳಮ್ಮ ಪೊರಕೆ ಎತ್ತಲಿಲ್ಲ. ಗಡಿಗೆಯನ್ನು ಅವರ ಮುಂದಕ್ಕೆ ತಳ್ಳಿದಳು.

ಗುಂಡಣ್ಣ ಕೋಟು ಬಿಚ್ಚಿ ಗೂಟಕ್ಕೆ ಹಾಕಿದರು. "ಒಂದು ಅಗಲದ ತಟ್ಟೇಲಿ ನೀರು ತನ್ನಿ" ಅಂದರು. ಅರವತ್ತು ದಾಟಿದ ಮನುಷ್ಯ ನೆಲದ ಮೇಲೆ ಕೂತು, ಒಂದೊಂದೇ ನೋಟನ್ನು ನೀರಿನಲ್ಲಿ ತೇಲಿಬಿಟ್ಟು, ಹಸುಗೂಸಿನ ಮೈ ತೊಳೆದಂತೆ ತೊಳೆದರು. ಹನ್ನೊಂದು ನೋಟು ನೆಟ್ಟಗೆ ಬಂದವು. ಮಿಕ್ಕವುಗಳಲ್ಲಿ ನಂಬರು ಕಾಣುವ ಚೂರುಗಳನ್ನು ಬೇರೆ ಇಟ್ಟರು.

"ಇವನ್ನ ಸರ್ಕಾರದ ಖಜಾನೇಲಿ ಕೊಟ್ಟು ಕೇಳಿ ನೋಡೋಣ. ಕೊಟ್ಟೇ ಕೊಡ್ತಾರೆ ಅಂತ ನಾನು ಸುಳ್ಳು ಹೇಳೋದಿಲ್ಲ ತಾಯಿ."

"ನಾಳೇನೇ ಹರಾಜು ಸ್ವಾಮಿ," ಎಂದು ಪಿಳ್ಳಮ್ಮ ಸೆರಗಲ್ಲಿ ಮುಖ ಮುಚ್ಚಿಕೊಂಡಳು. "ನಮ್ಮಪ್ಪನ ದುಡ್ಡು ಚೀಟಿಯವ್ನು ತಿಂದ. ನನ್ನ ದುಡ್ಡು ಹುಣಸೆಹಣ್ಣು ತಿಂತು. ನಮ್ಮ ವಂಶದ ಹಣೇಲಿ ಬರ್ದಿದ್ದೇ ಇಷ್ಟು."

ಗುಂಡಣ್ಣ ಒದ್ದೆ ಕೈ ಒರೆಸಿಕೊಂಡರು. "ನೀನು ಮತ್ತಿಗಿರಿ ನಾರಾಯಣಪ್ಪನ ಮಗಳಲ್ವಾ?"

ಅವಳು ತಲೆ ಎತ್ತಿ ನೋಡಿದಳು.

"ಅದನ್ನ ಕೇಳೋದಕ್ಕೇ ನಾಲ್ಕು ವರ್ಷದಿಂದ ನಿನ್ನ ಬಾಗಿಲಿಗೆ ಬಂದೆನಮ್ಮ. ನೀನು ಬಾಯಿ ತೆರೆಯೋಕೆ ಬಿಟ್ಟರೆ ತಾನೇ!"

ಆಮೇಲೆ ಅವರು ಹೇಳಿದ ಕಥೆಯನ್ನು ಕೊಂಡಮ್ಮನೂ ಅವತ್ತೇ ಮೊದಲು ಕೇಳಿದ್ದು. ಹರೆಯದಲ್ಲಿ ಗುಂಡಣ್ಣ ಹೊಸೂರು ಮಂಡಿಯಲ್ಲಿ ತಕ್ಕಡಿ ಹಿಡಿಯುತ್ತಿದ್ದರು. ಸಂಜೆ ಹೊತ್ತು, ನಾರಾಯಣಪ್ಪನ ದುಡ್ಡು ತಿಂದ ಅದೇ ಚೀಟಿಯವನಿಗೆ ಗುಮಾಸ್ತೆ. ಮನೆಮನೆಗೆ ಹೋಗಿ ದುಡ್ಡು ವಸೂಲು ಮಾಡಿದ್ದು ಅವರೇ. ಯಜಮಾನ ರಾತ್ರೋರಾತ್ರಿ ಪರಾರಿಯಾದ. ಜನ ದುಡ್ಡು ಕೊಟ್ಟಿದ್ದು ಮಾತ್ರ ಗುಂಡಣ್ಣನ ಮುಖ ನೋಡಿ. ಪೊಲೀಸರು ಬಿಟ್ಟರೂ ಅವರ ಮನಸ್ಸು ಬಿಡಲಿಲ್ಲ. ದುಡ್ಡು ಕಳೆದುಕೊಂಡ ಮೂವತ್ತಾರು ಜನರ ಹೆಸರು ಬರೆದಿಟ್ಟುಕೊಂಡರು. ಹನ್ನೆರಡು ಗಾಡಿಯವರನ್ನು ಸೇರಿಸಿ ವಾರಕ್ಕೆ ಒಂದಾಣೆಯ ನಿಧಿ ಕಟ್ಟಿದರು. ಯಾವ ತಪ್ಪಿನಿಂದ ಜನ ಮುಳುಗಿದ್ದರೋ ಅದಕ್ಕೆಲ್ಲ ಒಂದೊಂದು ಕಟ್ಟಳೆ ಮಾಡಿದರು: ಪುಸ್ತಕ, ಮೂರು ಬೀಗ, ಗಟ್ಟಿ ಓದು. ನಿಧಿ ಬೆಳೆಯಿತು. ಅದರ ಸಾಲದಿಂದ ಯಾರೋ ಗಾಣ ಹಾಕಿದರು, ಯಾರೋ ಇಟ್ಟಿಗೆ ಗೂಡು ಎಬ್ಬಿಸಿದರು. ಗುಂಡಣ್ಣನೂ ತಮ್ಮ ಸ್ವಂತ ಗಳಿಕೆಯನ್ನು ಅಂಥ ಕಸುಬುಗಳಲ್ಲಿ ಪಾಲು ಹಾಕಿ ಬೆಳೆಸಿದರು. ಬಂದ ಲಾಭದಲ್ಲಿ ಆ ಪಟ್ಟಿಯ ಒಂದೊಂದೇ ಹೆಸರು ತೀರಿಸುತ್ತಾ ಬಂದರು.

ಕೋಟಿನ ಒಳಜೇಬಿನಿಂದ ಹಳದಿಯಾದ ಕಾಗದವೊಂದನ್ನು ತೆಗೆದರು. ಮೂವತ್ತೈದು ಹೆಸರಿಗೆ ಗೀಟು ಬಿದ್ದಿತ್ತು. ಉಳಿದದ್ದು ಒಂದೇ.

"ನಿಮ್ಮಪ್ಪ ತೀರಿಕೊಂಡಿದ್ದ. ಮಗಳನ್ನ ಎಲ್ಲಿಗೆ ಕೊಟ್ಟಿದಾರೆ ಅಂತ ತಿಳಿಯೋಕೇ ವರ್ಷಗಳು ಹಿಡಿದವು. ತಗೋ ತಾಯಿ, ಹದಿನೆಂಟು ರೂಪಾಯಿ. ನಿಧಿ ದುಡ್ಡಲ್ಲ, ನನ್ನದು."

ಪಿಳ್ಳಮ್ಮ ಸೆರಗೊಡ್ಡಿ ದುಡ್ಡು ಹಿಡಿದಳು. "ಕೊಂಡಮ್ಮನ ಕೈಲಿ ಕೊಟ್ಟು ಕಳಿಸ್ಬೋದಿತ್ತಲ್ಲ ಸ್ವಾಮಿ? ನನ್ನ ಪೊರಕೆ ಏಟು ಯಾಕೆ ತಿನ್ನಾಕೋದ್ರಿ?"

"ಒಬ್ಬರ ದುಡ್ಡನ್ನ ಇನ್ನೊಬ್ಬರ ಕೈಲಿ ಕಳಿಸಬಾರದಮ್ಮ. ಅವರ ಕೈಗೇ ಕೊಟ್ಟು ಹೆಬ್ಬೆಟ್ಟು ತಗೋಬೇಕು. ಅದೂ ನಮ್ಮ ಕಟ್ಟಳೆ."

ಅಪ್ಪನ ಹೆಸರಿನ ಪಕ್ಕದಲ್ಲಿ ಅವಳು ಹೆಬ್ಬೆಟ್ಟು ಒತ್ತಿದಳು. ಒತ್ತಿ, ಗೊಳೋ ಎಂದು ಅತ್ತಳು. ಗುಂಡಣ್ಣನೂ ಕೊಡೆಯ ಹಿಡಿ ನೋಡುತ್ತಾ ಮೂಗು ಒರೆಸಿಕೊಂಡರು.

ಹನ್ನೊಂದೂ ಹದಿನೆಂಟೂ ಇಪ್ಪತ್ತೊಂಬತ್ತು. ಒಂದು ರೂಪಾಯಿ ಸಾಲದು. ಕೊಂಡಮ್ಮ ಸೊಂಟದ ಚೀಲ ಬಿಚ್ಚಿದಳು.

"ಹಿಡಿ. ಇದ್ನ ಮಾತ್ರ ಗಡಿಗೇಲಿ ಮಡಗ್ಬೇಡ!"

ಮಾರನೆಯ ದಿನ ಹರಾಜಿನಲ್ಲಿ ಆವುಲಪ್ಪ ಎಂಬ ವ್ಯಾಪಾರಿ ಕೊನೆಯತನಕ ಜಿದ್ದಿಗೆ ನಿಂತ. ಪಿಳ್ಳಮ್ಮ ಹಿಂದೆಗೆಯಲಿಲ್ಲ. ಯಾವ ಮರ ಎಷ್ಟು ಹಣ್ಣು ಕೊಡುತ್ತದೆ ಎಂದು ಹನ್ನೆರಡು ವರ್ಷ ಕುಟ್ಟಿದ ಕೈಗೆ ಗೊತ್ತಿತ್ತು. ತೋಪು ಅವಳದಾಯಿತು.

ಮುಂದಿನ ಸಂತೆಗೆ ಅವಳೇ ಗಂಡನನ್ನು ಎಳೆದುಕೊಂಡು ಬೇವಿನ ಮರದಡಿ ಹೋದಳು. "ನನ್ನ ಹೆಸ್ರಲ್ಲಿ ಪುಸ್ತಕ ಬರೀರಿ ಸ್ವಾಮಿ. ವಾರಕ್ಕೆ ಎಂಟಾಣೆ." ಮುತ್ತರಾಯಪ್ಪ ಬಾಯಿ ಬಿಟ್ಟುಕೊಂಡು ನೋಡಿದ, ಆಮೇಲೆ ತಾನೂ ನಾಲ್ಕಾಣೆ ಎಣಿಸಿದ. ಅವತ್ತು ಲೆಕ್ಕ ಓದುವಾಗ ತನ್ನ ಹೆಸರು ಬಂದದ್ದೇ ಪಿಳ್ಳಮ್ಮ, "ವಸಿ ಗಟ್ಟಿಯಾಗಿ ಓದಿ, ನಮ್ಮಪ್ಪಂಗೂ ಕೇಳ್ಲಿ" ಎಂದು ಕೂಗಿದಳು.

ಓದುವ ಅಣ್ಣಂದಿರೇ, ಓದಿಸಿ ಕೇಳುವ ಅಕ್ಕಂದಿರೇ, ನಿಮ್ಮ ಮನೆಯ ಗಡಿಗೆಯಲ್ಲಿ ಏನಿದೆ? ಇವತ್ತೇ ಮುಚ್ಚಳ ತೆಗೆದು ನೋಡಿ. ಹುಣಸೆಹಣ್ಣಿದ್ದರೆ ಸಾರಿಗಾಗಲಿ. ದುಡ್ಡಿದ್ದರೆ, ನಾಲ್ಕು ಜನರ ಮುಂದೆ ಲೆಕ್ಕ ಒಪ್ಪಿಸುವ ಕಡೆ ಕಟ್ಟಿ ಬನ್ನಿ. ನಿಮ್ಮ ಬಾಗಿಲಿಗೂ ಯಾರಾದರೂ ಬರುತ್ತಾರೆ. ಪೊರಕೆ ಎತ್ತುವ ಮೊದಲು, "ಪುಸ್ತಕ ಎಲ್ಲಿ?" ಎಂದು ಕೇಳಿ. ಪುಸ್ತಕ ಕೊಡದವನಾದರೆ ಆಗ ಎತ್ತಿ, ನಮ್ಮದೇನೂ ಅಡ್ಡಿಯಿಲ್ಲ.