ಪೇತ್ರನ ಅತ್ತೆ

ಅಗಸೆ ಎಣ್ಣೆಯ ವಾಸನೆ, ನನ್ನ ಕೈಗಂಟಿದ ಮೀನಿನ ವಾಸನೆಯನ್ನೂ ಮೀರಿ ಬರುತ್ತಿದೆ, ಬಣ್ಣ ಇನ್ನೂ ಹಸಿ, ಎರಡು ಗೇಣಿನ ಬಟ್ಟೆ, ಇಗರ್ಜಿಯ ಹಿಂಕೋಣೆಯಲ್ಲಿ ಕುರ್ಚಿಗೆ ಒರಗಿಸಿಟ್ಟಿದ್ದಾರೆ — ಇದು ಬರೀ ಮಾದರಿಯಂತೆ, ಸಂಘದವರು ಒಪ್ಪಿದರೆ ಇದೇ ಬೆಳೆದು ಪೀಠದ ಮೇಲೆ ಮೂರಾಳೆತ್ತರ ನಿಲ್ಲುತ್ತದಂತೆ, ಹತ್ತಿರ ಹೋದರೆ ನಾನೇ ಇಲ್ಲ, ನಾಲ್ಕು ಬಳಿತ, ಒಂದು ಬಿಳಿ ಚುಕ್ಕೆ, ಎರಡು ಹೆಜ್ಜೆ ಹಿಂದೆ ಬಂದರೆ ಅಗೋ ಕಾರ್ಮೊಸೀನಾ, ಅಚ್ಚ ನನ್ನದೇ ಗದ್ದ, ಸಂತ ಪೇತ್ರನ ಅತ್ತೆಯಾಗಿ ಜ್ವರದ ಹಾಸಿಗೆಯಿಂದ ಏಳುತ್ತಿದ್ದೇನೆ, ಯೇಸುಸ್ವಾಮಿ ಕೈ ಹಿಡಿದಿದ್ದಾನೆ, ಮೂರು ದಿನ ಚಿತ್ರಗಾರ ಓರಾಜಿಯೊನ ಮಂಚದ ಮೇಲೆ ಕೂತಿದ್ದೆ, ಅಲುಗಬೇಡಿ ಅಮ್ಮ ಅನ್ನುತ್ತಿದ್ದ, ಅಲುಗಲಿಲ್ಲ, ಗೊರಕೆ ಹೊಡೆದೆ — ನಲವತ್ತು ವರ್ಷ ಮೀನು ಮಾರುವ ಬುಟ್ಟಿ ನಾರುತ್ತದೆಂದು ಕಂಬದ ಹಿಂದೆ ನಿಂತು ಪೂಜೆ ಕೇಳಿದವಳು, ಒಮ್ಮೆ ಎಲ್ಲರ ಮುಂದೆ ಇರಬೇಕೆಂಬ ಆಸೆ, ಬಾಯಿಬಿಟ್ಟು ಯಾರಿಗೂ ಹೇಳಲಿಲ್ಲ.

ಮೀನುಗಾರರ ಸಂಘದ ಹನ್ನೊಂದು ಹಿರಿಯರು, ಚೀಲಕ್ಕೆ ಬಿಳಿ ಅವರೆ ಹಾಕಿದರೆ ಹೂಂ, ಕರಿಯದು ಹಾಕಿದರೆ ಊಹೂಂ, ಗುಟ್ಟಾಗಿ ಹಾಕಬೇಕು, ನೇಪಲ್ಸಿನಲ್ಲಿ ಯಾವ ಗುಟ್ಟು ಉಳಿದಿದೆ, ಮುದುಕ ಸಿಮೋನೆ ಕರಿಯದನ್ನು ಎತ್ತಿ ತೋರಿಸಿಯೇ ಹಾಕಿದ, ಮನೇಲೂ ಅತ್ತೆ ಇಗರ್ಜೀಲೂ ಅತ್ತೆ ಅಂದ್ರೆ ನಾವು ದೋಣೀಲೇ ಮಲಗೋದು ವಾಸಿ ಕಣ್ರಪ್ಪ, ಎಲ್ಲರೂ ನಕ್ಕರು, ನಾನೂ ನಕ್ಕೆ, ಐದು ಬಿಳಿ ಐದು ಕರಿ, ಉಳಿದವನು ಆನಿಯೆಲ್ಲೊ, ನನ್ನ ಅಳಿಯ, ದೇವರೇ, ಇವನೇ ಉಳಿಯಬೇಕಿತ್ತೇ, ಮದುವೆಯ ದಿನ ಅವನು ತಂದ ಬಂಗುಡೆಯ ಕಿವಿರೆತ್ತಿ ನೋಡಿ ನಿನ್ನೆ ಹಿಡಿದದ್ದು ಇದು ಅಂದುಬಿಟ್ಟಿದ್ದೆ, ಅವನಪ್ಪನೆದುರು, ಇಡೀ ಬೀದಿಯೆದುರು, ಏನು ಮಾಡಲಿ ಕೈಯ ಚಾಳಿ, ಹನ್ನೆರಡು ವರ್ಷ ಮಾತಿಲ್ಲ, ನಿಮ್ಮಮ್ಮನಿಗೆ ಉಪ್ಪು ಕೊಡು ಅಂತ ಮಗಳು ದಿಯಾನೋರಾಳಿಗೆ ಹೇಳುತ್ತಾನೆ, ನಾನು ಪಕ್ಕದಲ್ಲೇ ಇರುತ್ತೇನೆ, ಸಾಕು ಅಂತ ಹೇಳು ನಿನ್ನ ಗಂಡನಿಗೆ ಅನ್ನುತ್ತೇನೆ, ಪಾಪ ಅವಳ ಕತ್ತು ಆ ಕಡೆ ಈ ಕಡೆ — ನಿನ್ನೆಯದೇ ಆ ಬಂಗುಡೆ, ಈಗಲೂ ಹೇಳುತ್ತೇನೆ.

ಆನಿಯೆಲ್ಲೊ ಚಿತ್ರವನ್ನು ಬಗ್ಗಿ ನೋಡುತ್ತಿದ್ದಾನೆ, ಎಷ್ಟು ಹೊತ್ತು, ಅವರೆ ಮುಷ್ಟಿಯಲ್ಲೇ ಇದೆ, ಇದು ತಪ್ಪು ಅಂದ ಚಿತ್ರಗಾರನಿಗೆ, ಪೇತ್ರನ್ನ ಬಾಗಿಲ ಹತ್ರ ಯಾಕೆ ನಿಲ್ಲಿಸಿದ್ದೀರಿ ಸ್ವಾಮಿ, ಅವನ ಕೈ ಅತ್ತೆ ಬೆನ್ನ ಹಿಂದೆ ಇರಬೇಕು, ಜ್ವರದೋರು ತಾವಾಗೇ ಏಳಲ್ಲ, ಭಾರ ಇರ್ತಾರೆ, ನನಗೆ ಗೊತ್ತು — ಇವನಿಗೆ ಹೇಗೆ ಗೊತ್ತು, ಹೋದ ಚಳಿಗಾಲದ ನನ್ನ ಜ್ವರ, ಏಳು ದಿನ ಕಣ್ಣು ಬಿಟ್ಟಿರಲಿಲ್ಲ, ತುಟಿಗೆ ಮೀನಿನ ಸಾರು, ಬೆನ್ನ ಹಿಂದೆ ಒಂದು ಕೈ, ಮಗಳದೆಂದುಕೊಂಡಿದ್ದೆ, ಅವಳು ರೇಷ್ಮೆ ನೂಲು ಸುತ್ತುವವಳು, ಅವಳ ಕೈ ಬೆಣ್ಣೆ, ಆ ಕೈ ಹಗ್ಗ ಎಳೆದು ಗಂಟುಗಟ್ಟಿದ್ದು, ನನ್ನ ಮೂಳೆಗೆ ಒತ್ತುತ್ತಿತ್ತು — ಚಿತ್ರಗಾರ ನಕ್ಕು, ಸಂತನನ್ನು ಚಿಂದಿಯಲ್ಲಿ ಒರೆಸಿಯೇಬಿಟ್ಟ, ಮಂಚದ ತಲೆಕಡೆ ಮತ್ತೆ ಎಬ್ಬಿಸಿದ, ನನ್ನ ಬೆನ್ನ ಹಿಂದೆ ಒಂದು ಕಂದು ಎಳೆ, ಪೇತ್ರನ ಕೈ, ಆನಿಯೆಲ್ಲೊ ತಿರುಗಿದ, ನಡುವೆ ದಿಯಾನೋರಾ ಇಲ್ಲ, ಇನ್ನೂ ಸ್ವಲ್ಪ ಕೆಳಗೆ ಅಲ್ವಾ ಅತ್ತೆ, ಹೂಂ ಕಣಪ್ಪ ಅಂದೆ, ಬಿಳಿ ಅವರೆ ಚೀಲಕ್ಕೆ ಬಿತ್ತು, ಸಿಮೋನೆ ಏನೋ ಗೊಣಗುತ್ತಿದ್ದಾನೆ, ಯಾರೋ ನನ್ನ ಹೆಸರು ಕರೆಯುತ್ತಿದ್ದಾರೆ, ಕಂದು ಎಳೆ, ಹಸಿ, ಇನ್ನೂ ಸ್ವಲ್ಪ ಕೆಳಗೆ, ಅಲ್ಲೇ, ಅದೇ ಕೈ, ಆ ಕೈ —