ಮೂವರ ಟ್ರ್ಯಾಕ್ಟರ್, ಒಬ್ಬನ ಲೈಸೆನ್ಸ್

ಮಾನ್ವಿ ಕಡೆ ಕಾಲುವೆಗೆ ನೀರು ಬಿಟ್ಟರೆ ಸಾಕು, ಎಲ್ಲರಿಗೂ ಒಂದೇ ದಿನ ಟ್ರ್ಯಾಕ್ಟರ್ ಬೇಕು. ಅದಕ್ಕೇ ಹುಲಿಗೆಪ್ಪ, ತಾಯಣ್ಣ, ಶರಣಯ್ಯ ಮೂವರೂ ಪಾಲು ಹಾಕಿ ಒಂದನ್ನು ಕೊಂಡಿದ್ದರು. ಲೈಸೆನ್ಸ್ ಇದ್ದದ್ದು ತಾಯಣ್ಣನಿಗೆ ಮಾತ್ರ. ಅದನ್ನು ನಟ್ಟು ಬಿಗಿಯುವ ಪಾನಾಗಳ ಜೊತೆ ಟ್ರ್ಯಾಕ್ಟರಿನ ಪೆಟ್ಟಿಗೆಯಲ್ಲೇ ಇಟ್ಟಿದ್ದರು. ಗಾಡಿ ಮೂವರದಾದ ಮೇಲೆ ಲೈಸೆನ್ಸೂ ಮೂವರದೇ ಎಂದು ಹುಲಿಗೆಪ್ಪ ಗಟ್ಟಿಯಾಗಿ ನಂಬಿದ್ದ. ಎಂಥ ನಂಬಿಕೆ ನೋಡಿ!

ಒಂದು ಬೆಳಿಗ್ಗೆ, ದೇವದುರ್ಗ ಕಡೆಯಿಂದ ನಾಟಿಗೆ ಬಂದಿದ್ದ ಹೆಣ್ಣಾಳುಗಳನ್ನು ಟ್ರಾಲಿಯಲ್ಲಿ ಹತ್ತಿಸಿಕೊಂಡು ಹುಲಿಗೆಪ್ಪನೇ ಓಡಿಸಿಕೊಂಡು ಹೊರಟ. ಹೆಂಡತಿ ಗದ್ದೆಮ್ಮನೂ ಅವರ ನಡುವೆ ಕೂತಿದ್ದಳು. ಕಾಲುವೆ ದಂಡೆಯ ಇಳಿಜಾರಿನಲ್ಲಿ ಬ್ರೇಕ್ ತುಳಿದರೆ ಹಿಡಿಯಲೇ ಇಲ್ಲ. ಹೇಗೋ ಜಾಲಿ ಪೊದೆಗೆ ತಿರುಗಿಸಿ ನಿಲ್ಲಿಸಿದ. ಟ್ರಾಲಿಯ ಒಂದು ಗಾಲಿ ನೀರಿನ ಅಂಚಿನಲ್ಲಿತ್ತು. ಹೆಣ್ಣಾಳುಗಳು ಕಿರುಚುತ್ತ ಜಿಗಿದರು.

ಅಷ್ಟರಲ್ಲಿ ಗೆಳೆಯ ಖಾಜಾಮಿಯಾ ಸೈಕಲ್ ಮೇಲೆ ಬಂದ. ರಾಯಚೂರಿನಲ್ಲಿ ಲಾರಿ ಇಟ್ಟಿದ್ದವನು, ವಿಮೆಯ ಒಳಹೊರಗು ಬಲ್ಲವನು.

“ಬ್ರೇಕ್ ಮಿಸ್ತ್ರಿಗಿ ಯಾವಾಗ ತೋರಿಸೀರಿ, ಹುಲಿಗೆಪ್ಪಣ್ಣ?”

“ಯಾರಿಗ್ಗೊತ್ತು? ಅವರಿಬ್ರು ತೋರಿಸ್ಯಾರ ಅಂತ ನಾನು, ನಾನು ತೋರಿಸೀನಿ ಅಂತ ಅವರು. ಯಾರು ಎಷ್ಟು ತಾಸು ಓಡಿಸಿದ್ರು ಅಂತ ಯಾರೂ ಬರಿಯಂಗಿಲ್ಲ. ಹೋಗ್ಲಿ ಬಿಡು ಮಿಯಾ, ವಿಮೆ ಅದ.”

“ವಿಮೆ ಮಾಡ್ಸಿದ್ದು ಹೊಲದ ಕೆಲಸಕ್ಕ. ಅದೂ ಲೈಸೆನ್ಸ್ ಇದ್ದವ ಓಡಿಸಿದ್ರ. ಟ್ರಾಲ್ಯಾಗ ಮಂದಿ ತುಂಬಿ ಯಾರರ ಸತ್ರ, ಕಂಪನಿ ಕೈ ಎತ್ತತದ.”

“ಲೈಸೆನ್ಸ್ ಪೆಟ್ಟಿಗ್ಯಾಗ ಅದ ಅಲ್ಲೋ!”

“ಅದರಾಗ ತಾಯಣ್ಣನ ಫೋಟೋ ಅದ, ನಿಂದಲ್ಲ.”

ಹುಲಿಗೆಪ್ಪನ ದನಿ ಇಳಿಯಿತು. “ಹಂಗಾರ ಜವಾಬ್ದಾರಿ ಯಾರ್ದು?”

“ಓಡಿಸಿದ ನಿಂದು. ಗಾಡಿ ಕಾಗದದಾಗ ಹೆಸರಿರೋ ಮೂವರದೂ. ಪರಿಹಾರ ಕೊಡಾಕ ಮೂರೂ ಮನಿ ಹೊಲ ಮಾರೋ ವ್ಯಾಳ್ಯಾ ಬರ್ತದ.”

ಗದ್ದೆಮ್ಮ ಸೀರೆಯ ಕೆಸರು ಕೊಡವುತ್ತ ಮುಂದೆ ಬಂದಳು. “ಹೊಲದ ಮಾತು ಆಮ್ಯಾಲಿರ್ಲಿ. ಟ್ರಾಲ್ಯಾಗಿದ್ದ ಪಕೀರಮ್ಮ ಮೊಲಿ ಕೂಸು ಗುಡಿಸಲದಾಗ ಬಿಟ್ಟು ಬಂದಾಳ. ಅಕಿಗೇನರ ಆಗಿದ್ರ, ಆ ಕೂಸಿಗಿ ಯಾವ ಕಂಪನಿ ಹಾಲು ಕುಡಿಸ್ತಿತ್ತು?”

ಹುಲಿಗೆಪ್ಪ ನಾಚಿಕೆಯಿಂದ ತಲೆ ತಗ್ಗಿಸಿದ. ಆ ದಿನ ಎಲ್ಲರೂ ಗದ್ದೆಗೆ ನಡೆದೇ ಹೋದರು.

ಮರುದಿನ ಮೂವರು ಪಾಲುದಾರರೂ ಕೂತು ಮಾತಾಡಿಕೊಂಡರು. ಗಾಡಿ ಒಯ್ಯುವಾಗ ಮತ್ತು ತಂದಾಗ ಮೀಟರ್ ನೋಡಿ ತಾಸು ಬರೆಯಬೇಕು, ಸರ್ವಿಸಿಗೆ ಹೇಳಿದಷ್ಟು ತಾಸು ತುಂಬಿದೊಡನೆ ಆಯಿಲ್, ಬ್ರೇಕ್ ನೋಡಿಸಬೇಕು. ಹುಲಿಗೆಪ್ಪ ಲೈಸೆನ್ಸ್ ಪಡೆಯಲು ರಾಯಚೂರಿನ ಬಸ್ಸು ಹತ್ತಿದ. ಅದು ಕೈಗೆ ಬರುವವರೆಗೆ ಚಾವಿ ಮುಟ್ಟಲಿಲ್ಲ.

ಅಣ್ಣಂದಿರೇ, ಅಕ್ಕಂದಿರೇ, ಪಾಲಿನಲ್ಲಿ ಗಾಡಿ ಕೊಂಡಿದ್ದರೆ ಓಡಿಸಿದ ತಾಸು ಬರೆದಿಡಿ. ವಿಮೆಯ ಕಾಗದದಲ್ಲಿ ಏನಿದೆ ಎಂದು ಬಲ್ಲವರಿಂದ ಓದಿಸಿ ಕೇಳಿ. ಲೈಸೆನ್ಸ್ ಇಲ್ಲದವರಿಗೆ ಚಾವಿ ಕೊಡಬೇಡಿ, ಅವರು ಪಾಲುದಾರರೇ ಆಗಿರಲಿ. ಇದನ್ನು ಓದುವ ಹೊತ್ತಿಗೆ ನಿಮ್ಮ ಟ್ರಾಲಿಯಲ್ಲಿ ಯಾರಾದರೂ ಕೂತಿದ್ದರೆ, ಮೊದಲು ಹೋಗಿ ಅವರನ್ನು ಇಳಿಸಿ.